ವಿಲ್ಕಿನ್ಸನ್‌ಗೆ ಎಳ್ಳುನೀರು

ಜಯನಗರ ನಾಲ್ಕನೇ ‘ಟಿ’ ಬ್ಲಾಕಿನ ವೆಂಕಟಾಚಲರಾಯರು ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ತಂದೆಗೆ, ತಾತನಿಗೆ, ಮುತ್ತಾತನಿಗೆ, ಹೆಣ್ಣು ಕೊಟ್ಟ ಮಾವನಿಗೆ, ಅಕ್ಷರ ಕಲಿಸಿದ ಮೇಷ್ಟರಿಗೆ ಎಳ್ಳುನೀರು ಬಿಟ್ಟು, ಎಲ್ಲರದೂ ಆದ ಮೇಲೆ ಕೊನೆಯಲ್ಲಿ ವಿಲ್ಕಿನ್ಸನ್‌ಗೂ ಬಿಡುತ್ತಿದ್ದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂದು ಶಾಸ್ತ್ರದವರು ಅನುಕೂಲ ಮಾಡಿಕೊಟ್ಟಿರುವುದರಿಂದ, ‘ಕಾಶ್ಯಪ ಗೋತ್ರಂ, ವಿಲ್ಕಿನ್ಸನ್ ಶರ್ಮಾಣಂ’ ಎಂಬ ಮಂತ್ರ ಆ ಮನೆಯಲ್ಲಿ ಮೂರು ತಲೆಮಾರಿನಿಂದ ನಿರ್ವಿಘ್ನವಾಗಿ ಮೊಳಗುತ್ತಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ ಜಯನಗರದಲ್ಲಿ ಶರ್ಮನಾದವನು ಬಹುಶಃ ಇವನೊಬ್ಬನೇ.

ಕಾರಣವಿಲ್ಲದೆ ಯಾರೂ ಪರದೇಶಿಯನ್ನು ಪಿತೃಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಬೆಂಗಳೂರಿಗೆ ಮಹಾ ಪ್ಲೇಗು ಬಂದಾಗ ರಾಯರ ತಾತ ಹತ್ತು ವರ್ಷದ ಹುಡುಗ. ಜ್ವರ ಬಂದ ಹುಡುಗನನ್ನು ಚಿಕ್ಕಪೇಟೆಯ ಮನೆಯಿಂದ ಎತ್ತಿಕೊಂಡು ಹೋಗಿ ಊರಾಚೆಯ ಶೆಡ್ಡಿನಲ್ಲಿ ಮಲಗಿಸಿದರು. ಅಲ್ಲಿ ವಿಲ್ಕಿನ್ಸನ್ ಎಂಬ ಡಾಕ್ಟರು ಔಷಧ ಕೊಟ್ಟು ಬದುಕಿಸಿದ. ಕಥೆ ಇಷ್ಟೇ. ಆದರೆ ಒಳ್ಳೆಯ ಕಥೆಯೂ ಒಳ್ಳೆಯ ಉಪ್ಪಿನಕಾಯಿಯೂ ಜಾಡಿಯಲ್ಲಿದ್ದಷ್ಟೂ ಕಳಿಯುತ್ತವೆ. ತಾತನ ಕಾಲದಲ್ಲಿ ಬರೀ ಡಾಕ್ಟರಾಗಿದ್ದ ವಿಲ್ಕಿನ್ಸನ್, ರಾಯರ ತಂದೆಯ ಕಾಲಕ್ಕೆ ಮೇಜರ್ ಆದ. ರಾಯರು ಸರ್ಕಾರಿ ಕಚೇರಿಯಿಂದ ರಿಟೈರಾಗುವ ಹೊತ್ತಿಗೆ ಸರ್ಜನ್ ಜನರಲ್ ಆಗಿ, ಹೆಸರಿನ ಮುಂದೆ ‘ಸರ್’ ಅಂಟಿಸಿಕೊಂಡಿದ್ದ. ರಾಯರಿಗೆ ಹದಿನೆಂಟು ವರ್ಷ ಒಂದು ಪ್ರಮೋಷನ್ನೂ ಸಿಕ್ಕಿರಲಿಲ್ಲ. ಸತ್ತವನಿಗೆ ಅವರೇ ಕೈಯಾರೆ ಕೊಟ್ಟಿದ್ದರು.

ತಂದೆ ಕೊನೆಯುಸಿರೆಳೆಯುವಾಗ ಮಗನ ಕೈ ಹಿಡಿದು, “ಅಚಲಾ, ನನಗೆ ಒಂದು ವರ್ಷ ತಪ್ಪಿದ್ರೂ ಪರವಾಗಿಲ್ಲ ಕಣೋ, ವಿಲ್ಕಿನ್ಸನ್‌ಗೆ ತಪ್ಪಿಸಬೇಡ” ಅಂದಿದ್ದರು. ರಾಯರು ಎರಡೂ ತಪ್ಪಿಸಲಿಲ್ಲ. ಅಷ್ಟೇ ಅಲ್ಲ, ಆ ಹೆಸರಿನ ಬ್ಲೇಡು ಅಂಗಡಿಯಲ್ಲಿ ಸಿಗುವಷ್ಟು ಕಾಲ ಬೇರೆ ಬ್ಲೇಡು ಕೆನ್ನೆಗೆ ಸೋಕಿಸಲಿಲ್ಲ. ಮೊಂಡಾದ ಬ್ಲೇಡನ್ನು ಕಸದ ಬುಟ್ಟಿಗೆ ಹಾಕದೆ ತುಳಸೀಕಟ್ಟೆಯ ಪಕ್ಕ ಹೂಳುತ್ತಿದ್ದರು. ಒಮ್ಮೆ ಗಿಡದ ಬುಡ ಕೆದಕಲು ಹೋಗಿ ಬೆರಳು ಕುಯ್ದುಕೊಂಡ ಹೆಂಡತಿ ಸೀತಾಲಕ್ಷ್ಮಿ, “ನಿಮ್ಮ ತಾತನ್ನ ಬದುಕಿಸಿದ ಪುಣ್ಯಾತ್ಮ ನನ್ನ ಸಾಯಿಸ್ತಾನೆ” ಎಂದು ಅಂಗಳದಲ್ಲೇ ಕೂಗಾಡಿದ್ದರು.

ಹೀಗೆ ಸುಸೂತ್ರವಾಗಿ ನಡೆಯುತ್ತಿದ್ದ ವ್ಯವಹಾರಕ್ಕೆ ಎರಡು ಸಾವಿರದ ಮೂರನೇ ಇಸವಿಯ ಪಿತೃಪಕ್ಷದಲ್ಲಿ ಕಲ್ಲು ಬಿತ್ತು. ಹಳೆಯ ಪುರೋಹಿತರು ತೀರಿಕೊಂಡು, ಅವರ ಜಾಗಕ್ಕೆ ಅನಂತಪದ್ಮನಾಭ ಭಟ್ಟರು ಬಂದರು. ವಯಸ್ಸು ಮೂವತ್ತರೊಳಗೆ. ಸ್ಕೂಟರು, ಸೊಂಟದಲ್ಲಿ ಮೊಬೈಲು, ಜೊತೆಗೆ ಬಿ.ಕಾಂ. ಪಕ್ಷ ಶುರುವಾದ ದಿನವೇ ಬಂದು ಸೋಫಾದಲ್ಲಿ ಕೂತು, ಅಮಾವಾಸ್ಯೆಗೆ ಯಾರ್‍ಯಾರ ಹೆಸರು ಹೇಳಬೇಕು ಎಂದು ವಿಚಾರಿಸಿದರು. ರಾಯರು ಒಂದೊಂದಾಗಿ ಹೇಳುತ್ತ ವಿಲ್ಕಿನ್ಸನ್‌ವರೆಗೆ ಬಂದರು.

“ವಿಲ್ಕಿನ್ಸನ್?” ಭಟ್ಟರು ಕಾಫಿ ಲೋಟ ಕೆಳಗಿಟ್ಟರು.

ರಾಯರು ಪ್ಲೇಗು, ಶೆಡ್ಡು, ಸರ್ಜನ್ ಜನರಲ್ಲು ಎಲ್ಲವನ್ನೂ ಹೇಳಿದರು. ಭಟ್ಟರಿಗೆ ಆಂಗ್ಲನ ಬಗ್ಗೆ ಏನೂ ತಕರಾರಿರಲಿಲ್ಲ. ತಕರಾರು ಬೇರೆ ಕಡೆಯಿಂದ ಬಂತು.

“ಸಾರ್, ಉಪಕಾರ ಮಾಡಿದೋರು ಯಾರಿಗಾದ್ರೂ ಕೊಡಬಹುದು, ಧಾರಾಳವಾಗಿ. ಆದ್ರೆ ವಿಲ್ಕಿನ್ಸನ್ ಅನ್ನೋದು ಹೆಸರಲ್ಲ, ಮನೆತನ. ಹೆಸರೇನು?”

“ಹೆಸರೇ ವಿಲ್ಕಿನ್ಸನ್.”

“ಅದು ಸರ್‌ನೇಮ್ ಸಾರ್. ‘ರಾವ್ ಅವರಿಗೆ, ಬೆಂಗಳೂರು’ ಅಂತ ಬರೆದು ಪೋಸ್ಟ್ ಡಬ್ಬಕ್ಕೆ ಹಾಕಿದ್ರೆ ಯಾರಿಗೆ ತಲುಪುತ್ತೆ ಹೇಳಿ? ನೀವು ಬಿಟ್ಟ ನೀರು ಮೇಲೆ ಹೋಗಿ ಬಾಗಿಲಲ್ಲಿ ನಿಂತು ‘ಯಾವ ವಿಲ್ಕಿನ್ಸನ್?’ ಅಂತ ಕೇಳಲ್ವಾ?”

“ನಮ್ಮ ಹಳೇ ಪುರೋಹಿತರು ಮೂವತ್ತು ವರ್ಷ ಹೇಳಿದ್ರಲ್ಲ?”

“ಅವರಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ ಸಾರ್” ಎಂದು ಭಟ್ಟರು ಕನಿಕರದಿಂದ ಹೇಳಿದರು. “ಅಮಾವಾಸ್ಯೆ ಒಳಗೆ ಪೂರ್ತಿ ಹೆಸರು ಹುಡುಕಿಡಿ. ಇಲ್ಲಾಂದ್ರೆ ಬಿಟ್ಬಿಡೋಣ. ಅಡ್ರೆಸ್ ಇಲ್ದೆ ನಾನು ಮಂತ್ರ ಹೇಳಲ್ಲ.”

ಸ್ಕೂಟರು ಹೊರಟುಹೋಯಿತು. ರಾಯರ ಎದೆಯಲ್ಲಿ ಕಲ್ಲು ಉಳಿಯಿತು. ತಂದೆಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಮೂವತ್ತು ಚಿಲ್ಲರೆ ವರ್ಷ ತಾವು ಬಿಟ್ಟ ನೀರು ಯಾರ ಪಾಲಾಯಿತು ಎಂಬ ಚಿಂತೆ.

ಇಂಥ ಹೊತ್ತಿನಲ್ಲಿ ಮಹಡಿಯ ಬಾಡಿಗೆದಾರ ದುಂಡಪ್ಪ ಇಳಿದು ಬಂದ. ಬಾಗಲಕೋಟೆ ಕಡೆಯವನು. ಬಿ.ಟಿ.ಎಂ. ಲೇಔಟಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದ. ಯಾರ ಕಷ್ಟವನ್ನಾದರೂ ತನ್ನದೆಂದುಕೊಂಡು ಅದನ್ನು ದುಪ್ಪಟ್ಟು ಮಾಡುವ ಒಳ್ಳೆಯ ಮನಸ್ಸಿನವನು.

“ಭಟ್ರು ಹೇಳಿದ್ದು ಖರೇನ ಐತ್ರಿ ಸರ್” ಅಂದ. “ನಮ್ಮ ಕಡೆ ಮೆಣಸಿನಕಾಯಿ ಅಂತ ಅಡ್ಡಹೆಸರು ಐತಿ. ಊರ ಬಸ್‌ಸ್ಟ್ಯಾಂಡಿನಾಗ ನಿಂತು ‘ಮೆಣಸಿನಕಾಯಿಯವರ’ ಅಂತ ಒದರಿದ್ರ ಅರ್ಧ ಬಸ್ಸು ಇಳೀತೈತಿ. ನೀವು ಚಿಂತಿ ಮಾಡಬ್ಯಾಡ್ರಿ. ಇಂಟರ್ನೆಟ್‌ನ್ಯಾಗ ಎಲ್ಲಾ ವಿಲ್ಕಿನ್ಸನ್‌ಗೋಳು ಸಿಗ್ತಾರ. ನಡೀರಿ.”

ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಹಿಂದಿನ ಬ್ರೌಸಿಂಗ್ ಸೆಂಟರಿಗೆ ಇಬ್ಬರೂ ಹೋದರು. ಪಿತೃಕಾರ್ಯಕ್ಕೆ ಸಂಬಂಧಪಟ್ಟ ಜಾಗವೆಂದು ರಾಯರು ಚಪ್ಪಲಿ ಹೊರಗೆ ಬಿಟ್ಟರು. ದುಂಡಪ್ಪ ಒಂದೊಂದೇ ಅಕ್ಷರ ಒತ್ತಿದ. ಪರದೆ ತುಂಬ ವಿಲ್ಕಿನ್ಸನ್‌ಗಳು ಬಂದು ಸಾಲಾಗಿ ನಿಂತರು.

ರಾಯರು ಒಬ್ಬ ಮಹಾನುಭಾವನನ್ನು ಹುಡುಕಿಕೊಂಡು ಹೋಗಿದ್ದರು. ಅಲ್ಲಿ ನೋಡಿದರೆ ಆ ಮನೆತನದಲ್ಲಿ ಮಹಾನುಭಾವರಲ್ಲದವರೇ ಇಲ್ಲ! ಒಬ್ಬ ಈಜಿಪ್ಟಿಗೆ ಹೋಗಿ ಗೋರಿಗಳ ಚಿತ್ರ ಬರೆದುಕೊಂಡಿದ್ದ. ಒಬ್ಬ ಕೆಮಿಸ್ಟ್ರಿಯಲ್ಲಿ ನೊಬೆಲ್ ಹೊಡೆದಿದ್ದ. ಒಬ್ಬಾಕೆ ಇಂಗ್ಲೆಂಡಿನ ವಿದ್ಯಾಮಂತ್ರಿಯಾಗಿದ್ದಳು. ಖಡ್ಗ, ಬ್ಲೇಡು ಮಾಡುವವರಂತೂ ಸರಿಯೇ. ಇನ್ನೊಬ್ಬನಿಗೆ ಕಬ್ಬಿಣದ ಹುಚ್ಚು. ಕಬ್ಬಿಣದ ದೋಣಿ ಮಾಡಿಸಿ, ಕೊನೆಗೆ ಕಬ್ಬಿಣದ ಪೆಟ್ಟಿಗೆಯಲ್ಲೇ ಹೂಳಿಸಿಕೊಂಡಿದ್ದ. ಆತ ಪ್ಲೇಗಿಗೆ ತೊಂಬತ್ತು ವರ್ಷ ಮೊದಲೇ ಹೋಗಿದ್ದಾನೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

“ಕಬ್ಬಿಣದ ಪೆಟ್ಟಿಗೆನಾ?” ರಾಯರು ಗಾಬರಿಯಾದರು. “ಮೂವತ್ತು ವರ್ಷ ನೀರು ಬಿಟ್ಟಿದೀನಲ್ಲಪ್ಪ. ತುಕ್ಕು ಹಿಡಿದಿರಲ್ವಾ?”

“ಅದು ಇರ್ಲಿರೀ ಸರ್, ಇಲ್ಲಿ ನೋಡ್ರಿ” ಎಂದು ದುಂಡಪ್ಪ ಪರದೆಯ ಮೇಲೆ ಬೆರಳಿಟ್ಟ. ಒಬ್ಬ ಯುವಕ ಬಿಳಿ ಅಂಗಿ ತೊಟ್ಟು, ಎರಡೂ ಕೈ ಜೋಡಿಸಿ, ಮೊಟ್ಟೆಯಾಕಾರದ ಚೆಂಡನ್ನು ಒದೆಯಲು ಬಾಗಿ ನಿಂತಿದ್ದ. “ರಗ್ಬಿ ಆಡ್ತಾನ್ರೀ. ವಯಸ್ಸು ಇಪ್ಪತ್ನಾಕು.”

“ಯಾವಾಗ ಹೋದ, ಪಾಪ?”

“ಹೋಗಿಲ್ರೀ ಸರ್. ಅದಾನ.”

ಬದುಕಿರುವವನಿಗೆ, ಅದೂ ಬೆಳೆಯುವ ಮಗುವಿಗೆ, ಹುಟ್ಟಿದ ವರ್ಷದಿಂದ ತಪ್ಪದೆ ಎಳ್ಳುನೀರು ಬಿಟ್ಟಿದ್ದೇನೆ ಎಂದು ರಾಯರು ಅಲ್ಲೇ ಲೆಕ್ಕ ಹಾಕಿದರು. ಹೊರಗೆ ಬಂದವರು ಚಪ್ಪಲಿ ಮರೆತು ಮನೆಯವರೆಗೆ ಬರಿಗಾಲಲ್ಲಿ ನಡೆದರು.

ಅಂದಿನಿಂದ ದುಂಡಪ್ಪನಿಗೆ ಹೊಸ ಡ್ಯೂಟಿ ಬಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ಆಟಗಾರನ ಆರೋಗ್ಯ ವಿಚಾರಿಸಿಕೊಂಡು ಬಂದು, ಸಂಜೆ ಗೇಟಿನಿಂದಲೇ ಕೂಗುವುದು. “ಆರಾಮ ಅದಾನ್ರೀ ಸರ್!” ಆ ಕೂಗು ಕೇಳಿದ ಮೇಲೆಯೇ ರಾಯರು ಸಂಧ್ಯಾವಂದನೆಗೆ ಕೂರುತ್ತಿದ್ದರು.

ಕೂಗುವುದೆಂದರೆ ಬೀದಿಯವರಿಗೂ ಕೇಳುತ್ತದೆ. ಪಕ್ಕದ ಮನೆಯ ಈಶ್ವರಮ್ಮ ಕಾಂಪೌಂಡಿನ ಮೇಲೆ ಗಲ್ಲವಿಟ್ಟು ಸೀತಾಲಕ್ಷ್ಮಿಯನ್ನು ವಿಚಾರಿಸಿದರು. ಸೀತಾಲಕ್ಷ್ಮಿ, “ಅದೇನೋ ಇಂಗ್ಲಿಷಿನೋರಿಗೆ ತರ್ಪಣ ಬಿಡ್ತಾರೆ ಕಣ್ರೀ, ಇವರ ತಾತನ ಕಾಲದಿಂದ” ಎಂದು ಸತ್ಯವನ್ನೇ ಹೇಳಿದರು. ಈಶ್ವರಮ್ಮನವರು ಬುದ್ಧಿವಂತರು. ಅವರಿಗೆ ತಿಳಿದ ಮಟ್ಟಿಗೆ ತರ್ಪಣ ಬಿಡುವುದು ಪೂರ್ವಿಕರಿಗೆ. ಎರಡೂ ಎರಡೂ ನಾಲ್ಕು.

“ಅದಕ್ಕೇ ಅನ್ನಿ, ನಿಮ್ಮ ಯಜಮಾನ್ರದ್ದು ಬೆಕ್ಕಿನ ಕಣ್ಣು” ಅಂದರು.

ಬೆಂಕಿಗೆ ಗಾಳಿ ಹೇಳಿಕೊಡಬೇಕೆ? ಮಧ್ಯಾಹ್ನದೊಳಗೆ ಆ ಇಂಗ್ಲಿಷ್ ತಾತ ಮೂರನೇ ಬ್ಲಾಕು ದಾಟಿದ. ಸಂಜೆಗೆ ಬನಶಂಕರಿ ಸೇರಿದ. ನೆಂಟರ ಫೋನು ಶುರುವಾಯಿತು. ಒಬ್ಬರು ಮಗಳಿಗೆ ಗಂಡು ನೋಡುತ್ತಿದ್ದರು, ಈ ವಿಷಯ ಸ್ವಲ್ಪ ದಿನ ಅದುಮಿಡಿ ಎಂದು ಬೇಡಿಕೊಂಡರು. ಇನ್ನೊಬ್ಬರು ಮೊಮ್ಮಗನ ಬ್ರಿಟಿಷ್ ಪಾಸ್‌ಪೋರ್ಟಿಗೆ ಇದರಿಂದ ಏನಾದರೂ ಅನುಕೂಲವಾದೀತೆ ಎಂದು ನಯವಾಗಿ ಕೇಳಿದರು. ರಾಯರು ಎಲ್ಲರಿಗೂ ಅಲ್ಲ, ಅಲ್ಲ, ಅಲ್ಲ ಎಂದರು. ಆದರೂ ಫೋನಿಟ್ಟ ಮೇಲೆ ಬಚ್ಚಲು ಮನೆಯ ಕನ್ನಡಿಯಲ್ಲಿ ತಮ್ಮ ಕಣ್ಣನ್ನು ಒಮ್ಮೆ ಅಗಲಿಸಿ ನೋಡಿಕೊಂಡರು ಎಂಬುದನ್ನು ಮುಚ್ಚಿಡಲಾಗದು.

ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮಂಡಳಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಿತು. ರಿಟೈರಾದವರ ಕೈಗೆ ಸಮಸ್ಯೆ ಸಿಕ್ಕರೆ ಅದಕ್ಕೆ ಮಾತ್ರ ರಿಟೈರ್‌ಮೆಂಟ್ ಇಲ್ಲ. ರಿಟೈರ್ಡ್ ಎಂಜಿನಿಯರ್ ಗುರುಬಸಪ್ಪನವರು ಕಬ್ಬಿಣದ ವಿಲ್ಕಿನ್ಸನ್ ಪರ ನಿಂತರು.

“ನೀರು ಬಿಡೋದಾದ್ರೆ ಅವರಿಗೇ ಬಿಡಿ ಸ್ವಾಮಿ. ಅಂಥೋರು ಇಲ್ದೇ ಇದ್ರೆ ನಿಮ್ಮನೆಗೆ ಮಹಡಿ ಬರ್ತಿತ್ತಾ?”

“ಕೆಮಿಸ್ಟ್ರಿ ಇಲ್ದೇ ಇದ್ರೆ ಔಷಧ ಬರ್ತಿತ್ತಾ?” ಎಂದು ಕೆಮಿಸ್ಟ್ರಿ ಲೆಕ್ಚರರೊಬ್ಬರು ಊರುಗೋಲೆತ್ತಿದರು. “ನೊಬೆಲ್ಲಿಗೆ ಬೆಲೆ ಇಲ್ವೇನ್ರೀ?”

“ನಾನು ದೊಡ್ಡ ಮನುಷ್ಯನ್ನ ಹುಡುಕ್ತಿಲ್ಲ. ನಮ್ಮ ತಾತನ್ನ ಉಳಿಸಿದೋನ್ನ ಹುಡುಕ್ತಿದೀನಿ” ಎಂದು ರಾಯರು ಸಣ್ಣ ದನಿಯಲ್ಲಿ ಹೇಳಿದರು.

“ಅವನು ಸರ್ಜನ್ ಜನರಲ್ಲು ಅಂತ ನೀವೇ ಹೇಳಿದ್ರಲ್ಲ? ಅಷ್ಟು ದೊಡ್ಡೋನು ಇಂಟರ್ನೆಟ್ಟಲ್ಲಿ ಯಾಕಿಲ್ಲ?” ಎಂದು ಗುರುಬಸಪ್ಪನವರು ಪಾಟೀಸವಾಲು ಹಾಕಿದರು. ರಾಯರು ಕೊಟ್ಟ ಪ್ರಮೋಷನ್ನು ರಾಯರನ್ನೇ ನುಂಗಲು ಬಂದಿತ್ತು. ಅಂದು ಮಂಡಳಿ ಎರಡು ಪಕ್ಷವಾಗಿ, ಎರಡು ಬೆಂಚಿನಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತಿತು.

ಅಮಾವಾಸ್ಯೆಯ ಹಿಂದಿನ ದಿನ ರಾಯರು ಧೈರ್ಯ ಮಾಡಿ ಭಟ್ಟರಿಗೆ ಫೋನು ಮಾಡಿ, ಹೆಸರು ಸಿಕ್ಕಿಲ್ಲ, ಒಬ್ಬ ವಿಲ್ಕಿನ್ಸನ್ ಬದುಕಿಯೂ ಇದ್ದಾನೆ ಎಂದು ತಪ್ಪೊಪ್ಪಿಕೊಂಡರು. ಆ ಕಡೆ ಸ್ಕೂಟರು ಗಕ್ಕನೆ ನಿಂತ ಸದ್ದು ಕೇಳಿಸಿತು.

“ಬದುಕಿದಾರಾ! ಸಾರ್, ಈ ವರ್ಷದಿಂದ ಬೇಡವೇ ಬೇಡ, ಬಿಟ್ಬಿಡಿ. ನಿಮ್ಮ ತಾತನ ಋಣ ತಾತ ತೀರಿಸಿದ್ರು, ನಿಮ್ಮ ತಂದೆ ತೀರಿಸಿದ್ರು, ನೀವೂ ತೀರಿಸಿದ್ರಿ. ಇನ್ನೆಷ್ಟು ಸಾರ್?”

ರಾಯರು ಫೋನಿಟ್ಟು ತಂದೆಯ ಫೋಟೋದ ಕೆಳಗೆ ಕುರ್ಚಿ ಎಳೆದುಕೊಂಡು ಕೂತರು. ತಲೆಯೆತ್ತಿ ನೋಡಲು ಮನಸ್ಸಾಗಲಿಲ್ಲ. ಅವರಿಗೆ ನಿಜವಾಗಿಯೂ ಅಳು ಬಂತು.

ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಮಣೆ, ತಾಮ್ರದ ಹರಿವಾಣ, ದರ್ಭೆ, ಕರಿಎಳ್ಳು ಎಲ್ಲ ಸಿದ್ಧವಾಗಿತ್ತು. ಭಟ್ಟರು ಆಚಮನ ಮಾಡಿಸಬೇಕು, ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಅದರಿಂದ ರಾಯರ ಸೋದರತ್ತೆ, ಎಂಬತ್ತೈದು ವರ್ಷದ ನಾಗಲಕ್ಷ್ಮಮ್ಮ, ಮೊದಲು ಕೋಲನ್ನು, ಆಮೇಲೆ ಬೈಗುಳವನ್ನು, ಕೊನೆಗೆ ತಮ್ಮನ್ನು ಇಳಿಸಿದರು. ಬನಶಂಕರಿ ಎರಡನೇ ಹಂತದಲ್ಲಿ ಮಗನ ಮನೆಯಲ್ಲಿದ್ದ ಅವರ ಕಿವಿಗೆ ಮನೆಯವರು ಸುದ್ದಿ ಹಾಕಿದ್ದು ಹಿಂದಿನ ಸಂಜೆಯಷ್ಟೇ.

“ಎಲ್ಲೋ ಅಚಲ? ನಮ್ಮಪ್ಪನ ವಂಶಕ್ಕೆ ಇಂಗ್ಲಿಷ್ ತಾತನ್ನ ತಂದು ಕೂರಿಸಿದೀಯಂತೆ?”

ರಾಯರು ದರ್ಭೆಯ ಪವಿತ್ರ ತೊಟ್ಟ ಬೆರಳಿನಲ್ಲೇ ಕೈಮುಗಿದು ನಡೆದದ್ದೆಲ್ಲ ಹೇಳಿದರು. ಭಟ್ಟರ ಪ್ರಶ್ನೆ, ಕಬ್ಬಿಣದ ಪೆಟ್ಟಿಗೆ, ಚೆಂಡಾಟದ ಹುಡುಗ. ದುಂಡಪ್ಪ ಮಹಡಿ ಮೆಟ್ಟಿಲಲ್ಲಿ ನಿಂತು, ಹುಡುಗ ಇವತ್ತೂ ಆರಾಮ ಇರುವುದಾಗಿ ಸೇರಿಸಿದ. ನಾಗಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು. ಅವರ ಮುಖದ ಸಿಟ್ಟು ಮೆಲ್ಲಗೆ ಇಳಿಯಿತು.

“ಅವನು ಡಾಕ್ಟ್ರಲ್ಲ ಕಣೋ” ಅಂದರು.

ಭಟ್ಟರು ಕೈಯಲ್ಲಿದ್ದ ದರ್ಭೆ ಕೆಳಗಿಟ್ಟರು.

“ಮೇಜರೂ ಅಲ್ಲ, ಜನರಲ್ಲೂ ಅಲ್ಲ. ಶೆಡ್ಡಿನ ಬಾಗಿಲಲ್ಲಿ ಕಾವಲಿಗೆ ನಿಂತಿದ್ದ ಒಬ್ಬ ಸೋಲ್ಜರು. ನಮ್ಮಪ್ಪ ಜ್ವರದಲ್ಲಿ ನೀರು, ನೀರು ಅಂತ ಕೂಗ್ಕೊಂಡ್ರಂತೆ. ಅವರಮ್ಮನ್ನ ಬೇರೆ ಶೆಡ್ಡಲ್ಲಿ ಕೂಡಿ ಹಾಕಿದ್ರು. ನೋಡ್ಕೊಳಕ್ಕೆ ಇಟ್ಟಿದ್ದೋರು, ನಮ್ಮೋರೇ, ಭಯಕ್ಕೆ ಒಬ್ರೂ ಹತ್ರ ಬರ್ಲಿಲ್ಲ. ಇವನು ಬಂದೂಕ ಗೋಡೆಗೆ ಒರಗಿಸಿ, ತನ್ನ ಲೋಟದಲ್ಲಿ ನೀರು ತಂದ. ಹುಡುಗನ ತಲೆ ಎತ್ತಿ ಹಿಡ್ಕೊಂಡು ಕುಡಿಸಿದ. ಕೇಳಿದಾಗಲೆಲ್ಲ ತಂದ.”

“ಮತ್ತೆ ಔಷಧ ಅಂತ ಅಪ್ಪ ಹೇಳ್ತಿದ್ರಲ್ಲ ಅತ್ತೆ?”

“ಬ್ರಾಹ್ಮಣರ ಹುಡುಗ ದೊರೆಗಳ ಲೋಟದಲ್ಲಿ ನೀರು ಕುಡಿದ ಅಂದ್ರೆ ಆ ಕಾಲದಲ್ಲಿ ಪಂಕ್ತಿಗೆ ಸೇರಿಸ್ತಿದ್ರಾ? ಔಷಧಕ್ಕೆ ಮಡಿ ಮೈಲಿಗೆ ಇಲ್ಲ. ಅದಕ್ಕೇ ನಮ್ಮಜ್ಜಿ ನೀರನ್ನ ಔಷಧ ಮಾಡಿದ್ರು, ಸಿಪಾಯಿನ ಡಾಕ್ಟ್ರು ಮಾಡಿದ್ರು. ಅಪ್ಪ ಸಾಯೋಕೆ ಮುಂಚೆ ನಂಗೊಬ್ಬಳಿಗೆ ನಿಜ ಹೇಳಿದ್ರು. ಜನರಲ್ ಮಾಡಿದ್ಯಾರೋ ನಂಗೊತ್ತಿಲ್ಲ.”

ರಾಯರು ನೆಲ ನೋಡಿದರು.

“ಅಮ್ಮಾ, ಪೂರ್ತಿ ಹೆಸರು?” ಎಂದು ಭಟ್ಟರು ಮೆಲ್ಲಗೆ ಕೇಳಿದರು.

“ಅದು ಅಪ್ಪಂಗೂ ಗೊತ್ತಿರ್ಲಿಲ್ಲಪ್ಪ. ದೂರದಲ್ಲಿ ನಿಂತಿದ್ದ ಉಳಿದ ಸೋಲ್ಜರ್‌ಗಳು ಅವನನ್ನ ವಾಪಸ್ ಕರೀತಿದ್ರಂತೆ, ಹತ್ರ ಹೋಗಬೇಡ, ಬಂದ್ಬಿಡು ಅಂತ. ‘ವಿಲ್ಕಿನ್ಸನ್! ವಿಲ್ಕಿನ್ಸನ್!’ ಅಂತ. ಪಟಾಲಮ್ಮಲ್ಲಿ ಮನೆತನದ ಹೆಸರಲ್ಲೇ ತಾನೇ ಕರಿಯೋದು? ಅಪ್ಪನ ಕಿವಿಗೆ ಬಿದ್ದಿದ್ದು ಅಷ್ಟೇ. ಅವನು ವಾಪಸ್ ಹೋಗ್ಲಿಲ್ಲ. ಅಪ್ಪಂಗೆ ಜ್ವರ ಬಿಟ್ಟ ದಿನ ಬಾಗಿಲಲ್ಲಿ ಬೇರೆ ಯಾರೋ ನಿಂತಿದ್ರು. ಇವನಿಗೆ ಡ್ಯೂಟಿ ಬದಲಾಯ್ತೋ, ಆ ಕಾಯಿಲೆ ಇವನಿಗೇ ಅಂಟ್ತೋ, ದೇವರಿಗೇ ಗೊತ್ತು.”

ಸೀತಾಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬ್ಲೇಡಿನಿಂದ ಕುಯ್ದಿದ್ದ ಬೆರಳೇ ಆ ಸೆರಗನ್ನು ಹಿಡಿದಿತ್ತು. ನಾಗಲಕ್ಷ್ಮಮ್ಮ ಕೋಲನ್ನು ಭಟ್ಟರ ಕಡೆ ತಿರುಗಿಸಿದರು.

“ನೀನು ಓದ್ಕೊಂಡಿರೋನು, ಹೇಳಪ್ಪ. ಅವತ್ತು ನಮ್ಮಪ್ಪ ನೀರು ಅಂದಾಗ, ಅವನು ಲೋಟ ಹಿಡ್ಕೊಂಡು ನಿಂತು, ಯಾವ ಹುಡುಗ, ಪೂರ್ತಿ ಹೆಸರೇನು, ಗೋತ್ರ ಯಾವುದು ಅಂತ ಕೇಳಿದ್ನಾ?”

ಭಟ್ಟರು ಒಳ್ಳೆಯವರು. ಬಿ.ಕಾಂ. ಅವರನ್ನು ಅಷ್ಟೇನೂ ಕೆಡಿಸಿರಲಿಲ್ಲ. ಸೊಂಟದ ಮೊಬೈಲು ತೆಗೆದು ಆರಿಸಿ ಪಕ್ಕಕ್ಕಿಟ್ಟರು.

“ಜನಿವಾರ ಎಡಕ್ಕೆ ಹಾಕ್ಕೊಳಿ ಸಾರ್” ಅಂದರು. “ಬದುಕಿರೋ ಹುಡುಗನ ಯೋಚನೆ ಬೇಡ. ಬಾಯಾರಿದೋರಿಗೆ ಅಂತ ಬಿಟ್ಟ ನೀರು ಬಾಯಾರದೇ ಇರೋರ ಹತ್ರ ಹೋಗಲ್ಲ. ಆದ್ರೆ ಒಂದು ತಿದ್ದುಪಡಿ. ಸಿಪಾಯಿ ಅಂದ್ಮೇಲೆ ಕ್ಷತ್ರಿಯ. ಶರ್ಮ ಅಲ್ಲ, ವರ್ಮ ಅನ್ನಬೇಕು.”

ತಂದೆ, ತಾತ, ಮುತ್ತಾತ, ಮಾವ, ಮೇಷ್ಟರು ಎಲ್ಲರಿಗೂ ನೀರು ಸಂದಿತು. ಕೊನೆಗೆ ಭಟ್ಟರು ಗಂಟಲು ಸರಿಮಾಡಿಕೊಂಡು, ಅಷ್ಟು ದಿನ ಆ ಮನೆಯಲ್ಲಿ ಯಾರೂ ಹೇಳಿರದಷ್ಟು ಸ್ಪಷ್ಟವಾಗಿ, “ಕಾಶ್ಯಪ ಗೋತ್ರಂ, ವಿಲ್ಕಿನ್ಸನ್ ವರ್ಮಾಣಂ” ಎಂದರು. ರಾಯರು ಎಳ್ಳು ಹಿಡಿದ ಅಂಗೈಗೆ ನೀರು ಹಾಕಿಸಿಕೊಂಡು, ಹೆಬ್ಬೆರಳ ಸಂದಿನಿಂದ ಬಿಟ್ಟರು. ಒಂದು ಸಲ, ಎರಡು ಸಲ, ಮೂರು ಸಲ. ಶಾಸ್ತ್ರಕ್ಕೆ ಅಷ್ಟು ಸಾಕು. ಆದರೆ ರಾಯರು ಸೀತಾಲಕ್ಷ್ಮಿಯ ಕಡೆ ಮತ್ತೆ ಕೈಯೊಡ್ಡಿದರು. ಮತ್ತೆ ಬಿಟ್ಟರು, ಮತ್ತೆ ಒಡ್ಡಿದರು. ಹರಿವಾಣ ತುಂಬಿ ನೀರು ನೆಲಕ್ಕೆ ಹರಿದು, ಭಟ್ಟರ ಪಂಚೆಯ ಅಂಚು ನೆನೆಯಿತು. ದುಂಡಪ್ಪ ತಾನಾಗಿ ಓಡಿಹೋಗಿ ಇನ್ನೊಂದು ಕೊಡ ತಂದ.

“ಸಾರ್, ಸಾಕು ಸಾರ್. ಎಷ್ಟು ಬಿಡ್ತೀರಿ?” ಅಂದರು ಭಟ್ಟರು.

“ಇರ್ಲಿ ಭಟ್ರೇ” ಎಂದು ರಾಯರು ಒದ್ದೆ ಕಣ್ಣಿನಲ್ಲೇ ನಕ್ಕು, ಇನ್ನೊಂದು ಬೊಗಸೆಗೆ ಕೈ ಹಿಡಿದರು. “ಅವರ ಮನೇಲಿ ಜನ ಜಾಸ್ತಿ.”